ಕೂಸಿನ ಗಾಡಿಗಳ ದ್ವೀಪ

ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರ ನಮ್ಮ ವ್ಯಾಪಾರಸ್ಥ ಬಂಧುಗಳಿಗೆ ಅಪರಿಚಿತವಲ್ಲ. ಹಿರಿಯರು ಅದನ್ನು ಕ್ಯಾಂಟನ್ ಎಂದು ಕರೆಯುತ್ತಿದ್ದರು. 1957ರಿಂದ ಅಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ದೊಡ್ಡ ವ್ಯಾಪಾರ ಮೇಳ ನಡೆಯುತ್ತ ಬಂದಿದೆ. ಸೊಲ್ಲಾಪುರ, ಸಾಂಗಲಿ, ಬೆಳಗಾವಿ ಕಡೆಯ ನಮ್ಮ ಹುಡುಗರು ಈಗ ಕೊಲ್ಹಾಪುರಕ್ಕೆ ಹೋಗಿ ಬಂದಷ್ಟು ಸಲೀಸಾಗಿ ಅಲ್ಲಿಗೆ ಹೋಗಿ ಬರುತ್ತಾರೆ. ಬಂದ ಮೇಲೆ ಸರಕಿನ ದರ, ಹೊಟೇಲಿನ ಬಾಡಿಗೆ, ಶಾಕಾಹಾರಕ್ಕಾಗಿ ಪಟ್ಟ ಪಾಡು, ಇಷ್ಟನ್ನು ಹೇಳುತ್ತಾರೆ. ನಾನು ಬರೆಯಹೊರಟಿರುವುದು ಮೇಳದ ವಿಷಯವಲ್ಲ. ಅದೇ ನಗರದೊಳಗೆ, ಪರ್ಲ್ ನದಿಯ ದಂಡೆಗೆ ಅಂಟಿಕೊಂಡಿರುವ ಶಾಮಿಯೆನ್ ಎಂಬ ಚಿಕ್ಕ ದ್ವೀಪದ ವಿಷಯ. ಆ ದ್ವೀಪದ ಮೇಲಿಂದ ಅಮೆರಿಕಕ್ಕೆ ದತ್ತು ಹೋದ ಸಾವಿರಾರು ಹೆಣ್ಣುಕೂಸುಗಳ ವಿಷಯ.

ಶಾಮಿಯೆನ್ ಮೊದಲು ಬರೀ ಮರಳುದಿಬ್ಬ. ಉದ್ದ ಒಂದು ಕಿಲೋಮೀಟರು ತುಂಬುವುದಿಲ್ಲ, ಅಗಲ ಮುನ್ನೂರು ಮೀಟರಿನ ಆಸುಪಾಸು. ಎರಡನೆಯ ಅಫೀಮು ಯುದ್ಧದಲ್ಲಿ ಚೀನಾ ಸೋತ ಮೇಲೆ, 1861ರ ಹೊತ್ತಿಗೆ ಇಂಗ್ಲಿಷರೂ ಫ್ರೆಂಚರೂ ಈ ದಿಬ್ಬವನ್ನು ತಮ್ಮದಾಗಿಸಿಕೊಂಡರು. ಊರಿನ ಬದಿಗೆ ಕಾಲುವೆ ತೋಡಿಸಿ, ಸುತ್ತಲೂ ಕಲ್ಲಿನ ದಂಡೆ ಕಟ್ಟಿಸಿ, ಐದರಲ್ಲಿ ನಾಲ್ಕು ಪಾಲು ಇಂಗ್ಲಿಷರು, ಒಂದು ಪಾಲು ಫ್ರೆಂಚರು ಹಂಚಿಕೊಂಡರು. ಆ ಯುದ್ಧಕ್ಕೆ ಕಾರಣವಾದ ಅಫೀಮು ಬೆಳೆದದ್ದು ನಮ್ಮ ಮಾಳವ ಮತ್ತು ಬಿಹಾರದ ಹೊಲಗಳಲ್ಲಿ, ಸಾಗಿದ್ದು ಮುಂಬಯಿ ಮತ್ತು ಕಲಕತ್ತೆಯ ಬಂದರುಗಳಿಂದ. ಆ ವಹಿವಾಟಿನಲ್ಲಿ ಶ್ರೀಮಂತರಾದವರಲ್ಲಿ ನಮ್ಮ ದೇಶದ ಸಾಹುಕಾರರೂ ಇದ್ದರು. ಇದನ್ನು ಮರೆತು ಆ ದ್ವೀಪದ ಚಂದದ ಕಟ್ಟಡಗಳನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಕಟ್ಟಡಗಳು ಚಂದವಿರುವುದೂ ನಿಜವೇ. ಕಮಾನಿನ ಪಡಸಾಲೆಗಳು, ಹಳೆಯ ಬ್ಯಾಂಕುಗಳು, ಎರಡು ಇಗರ್ಜಿಗಳು, ನಡುವೆ ಆಲದ ಮರಗಳ ಸಾಲು. ಕಾಲುವೆಯ ಆಚೆ ಹತ್ತು ಹೆಜ್ಜೆ ಇಟ್ಟರೆ ಛಿಂಗ್‌ಪಿಂಗ್ ಪೇಟೆ. ಅಲ್ಲಿ ಒಣಗಿಸಿದ ಬೇರು, ನಾರು, ಔಷಧಿ ವಸ್ತುಗಳ ಜೊತೆಗೆ ಜೀವಂತ ಪ್ರಾಣಿಗಳನ್ನು ಪಂಜರದಲ್ಲಿಟ್ಟು ಮಾರುತ್ತಿದ್ದರು. ನಾನು ಒಮ್ಮೆ ಹೋದವಳು ಮತ್ತೆ ಆ ಕಡೆ ಮುಖ ಮಾಡಲಿಲ್ಲ.

ಇಡೀ ಚೀನಾದಲ್ಲಿ ದತ್ತಕ ಮಕ್ಕಳಿಗೆ ಅಮೆರಿಕದ ವೀಸಾ ಕೊಡುತ್ತಿದ್ದುದು ಗ್ವಾಂಗ್‌ಝೌದ ಅಮೆರಿಕನ್ ಕಾನ್ಸುಲೇಟ್ ಒಂದೇ. ಕೂಸು ಯಾವ ಪ್ರಾಂತದ್ದಾದರೂ ಕೊನೆಗೆ ಇಲ್ಲಿಗೆ ಬರಲೇಬೇಕು. ಆ ಕಾನ್ಸುಲೇಟ್ 1990ರಿಂದ ಶಾಮಿಯೆನ್ ದ್ವೀಪದ ಮೇಲಿತ್ತು. ಅದರ ಪಕ್ಕದಲ್ಲಿಯೇ 1983ರಲ್ಲಿ ಆರಂಭವಾದ ವೈಟ್ ಸ್ವಾನ್, ಅಂದರೆ 'ಬಿಳಿ ಹಂಸ' ಎಂಬ ದೊಡ್ಡ ಹೊಟೇಲು. ಅಮೆರಿಕನ್ನರು ತಮಾಷೆಗೆ ಅದನ್ನು 'ಬಿಳಿ ಕೊಕ್ಕರೆ' ಎನ್ನುತ್ತಿದ್ದರು. ಕೂಸನ್ನು ಕೊಕ್ಕರೆ ತಂದುಕೊಡುತ್ತದೆ ಎಂದು ಅವರಲ್ಲಿ ಮಕ್ಕಳಿಗೆ ಹೇಳುವ ಕತೆಯುಂಟು. ಹೊಟೇಲಿನವರು ದತ್ತು ಪಡೆದು ಹೋಗುವ ದಂಪತಿಗಳಿಗೆ ಒಂದು ಬಾರ್ಬಿ ಗೊಂಬೆಯನ್ನು ಉಡುಗೊರೆ ಕೊಡುತ್ತಿದ್ದರು: ಹೊಂಬಣ್ಣದ ಕೂದಲಿನ ಬಿಳಿ ಹೆಣ್ಣುಮಗಳು, ಅವಳ ಕೈಯಲ್ಲಿ ಚೀನೀ ಕೂಸು.

ಇಷ್ಟು ಕೂಸುಗಳು ಎಲ್ಲಿಂದ ಬಂದವು ಎಂದು ಓದುಗರು ಕೇಳಬಹುದು. ಚೀನಾ ಸರಕಾರ 1980ರ ಸುಮಾರಿಗೆ 'ಒಂದು ಮನೆಗೆ ಒಂದೇ ಮಗು' ಎಂಬ ಕಟ್ಟಳೆ ತಂದಿತು. ಗಂಡುಮಗ ಬೇಕೆನ್ನುವ ಆಸೆ ಅಲ್ಲಿಯೂ ನಮ್ಮಲ್ಲಿಯಷ್ಟೇ ಹಳೆಯದು. ಎರಡೂ ಕೂಡಿದಾಗ ಹುಟ್ಟಿದ ಹೆಣ್ಣು ಮನೆಗೆ ಹೆಚ್ಚಾಯಿತು. ಕೂಸನ್ನು ತೊರೆಯುವುದು ಅಪರಾಧ, ಹೆತ್ತವರು ಬಹಿರಂಗವಾಗಿ ಬಂದು ಒಪ್ಪಿಸುವ ದಾರಿ ಇರಲಿಲ್ಲ. ಆದ್ದರಿಂದ ಬೆಳಗಿನ ಜಾವದಲ್ಲಿ ಜನ ಓಡಾಡುವ ಕಡೆ ನೋಡಿ, ಪೊಲೀಸ್ ಠಾಣೆಯ ಮುಂದೆ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಪೇಟೆಯ ಮೂಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಕೆಲವರು ಹುಟ್ಟಿದ ದಿನ ಬರೆದ ಚೀಟಿಯನ್ನು ಬಟ್ಟೆಯೊಳಗೆ ಸಿಕ್ಕಿಸುತ್ತಿದ್ದರಂತೆ. ವಿದೇಶೀಯರಿಗೆ ದಾರಿ ತೆರೆದ ದತ್ತಕ ಕಾಯಿದೆ 1992ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದೇ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ದತ್ತು ಪಡೆಯುವವರಿಗೆ 35 ವರ್ಷ ತುಂಬಿರಬೇಕು, ಸ್ವಂತ ಮಕ್ಕಳಿರಬಾರದು. ಹೀಗಾಗಿ ಪಕ್ಕದ ಹಳ್ಳಿಯಲ್ಲಿ ಒಂದು ಕೂಸಿದ್ದ ಚೀನೀ ಮನೆಯವರು ಇನ್ನೊಂದನ್ನು ಸಾಕುತ್ತೇವೆ ಎಂದರೂ ಕಾಗದ ಸಿಗುವುದು ಕಷ್ಟವಾಗಿತ್ತು. ಏಳು ವರ್ಷದ ಮೇಲೆ, 1999ರಲ್ಲಿ, ವಯಸ್ಸನ್ನು 30ಕ್ಕೆ ಇಳಿಸಿ ನಿಯಮ ಸಡಿಲಿಸಿದರು.

ನಾವು ಹೋದದ್ದು 2002ರ ಅಕ್ಟೋಬರಿನಲ್ಲಿ. ಮುಂಬಯಿಯಿಂದ ಹಾಂಗ್‌ಕಾಂಗ್‌ವರೆಗೆ ವಿಮಾನ, ಅಲ್ಲಿಂದ ಎರಡು ಗಂಟೆಯ ರೈಲು. ನಮ್ಮ ಮನೆಯವರು ಗುಂಡಿ, ಜಿಪ್, ಲೇಸು ನೋಡಲು ಬೆಳಿಗ್ಗೆ ಮೇಳಕ್ಕೆ ಹೊರಟರೆ ಸಂಜೆಗೇ ಬರುತ್ತಿದ್ದರು. ನನಗೆ ಅಲ್ಲಿ ಕೆಲಸವಿಲ್ಲ. ನಾವಿಳಿದದ್ದು ದ್ವೀಪದ ಒಂದು ಸಾಧಾರಣ ಹೊಟೇಲಿನಲ್ಲಿ. ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿಯ ಡಬ್ಬಿಗಳು ಜೊತೆಗಿದ್ದವು. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ನದಿಯ ದಂಡೆಯ ಬೆಂಚಿನ ಮೇಲೆ ಕೂಡುವುದು ನನ್ನ ದಿನಚರಿಯಾಯಿತು. ಅದೇ ಹೊತ್ತಿಗೆ ದ್ವೀಪದ ತುಂಬ ಕೂಸಿನ ಗಾಡಿಗಳು ಹೊರಬೀಳುತ್ತಿದ್ದವು. ತಳ್ಳುವವರು ಎತ್ತರದ, ಕೆಂಪು ಮೋರೆಯ, ನಡುವಯಸ್ಸಿನ ಗಂಡಹೆಂಡತಿ. ಗಾಡಿಯೊಳಗೆ ಕಪ್ಪು ಕೂದಲಿನ, ಕಣ್ಣರಳಿಸಿ ನೋಡುವ ಕೂಸು. ಹತ್ತು ಗಾಡಿ, ಹದಿನೈದು ಗಾಡಿ. ಆ ಒಂದು ವರ್ಷದಲ್ಲಿಯೇ ಚೀನಾದಿಂದ ಅಮೆರಿಕಕ್ಕೆ ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಹೋದರೆಂದು ಆಮೇಲೆ ಓದಿ ತಿಳಿದೆ.

ಮೊದಲ ಸಂಜೆಯೇ ಒಂದು ತಮಾಷೆ ಕಂಡೆ. ದಾರಿಯಲ್ಲಿ ಹೋಗುವ ಚೀನೀ ಅಜ್ಜಿಯರು ಗಾಡಿಗಳನ್ನು ನಿಲ್ಲಿಸಿ, ಕೂಸಿನ ಚಲ್ಲಣವನ್ನು ಕಾಲಿನ ಗಿಣ್ಣಿನವರೆಗೆ ಎಳೆದು, ಕಾಲುಚೀಲ ಸರಿಮಾಡಿ, ಆ ಅಮೆರಿಕನ್ ತಾಯಿಗೆ ತಮ್ಮ ಭಾಷೆಯಲ್ಲಿ ಜೋರಾಗಿ ಬೈದು ಹೋಗುತ್ತಿದ್ದರು. ಆ ಬಿಸಿಲೂರಿನಲ್ಲಿಯೂ ಕೂಸಿಗೆ ಮೂರು ಪದರ ಬಟ್ಟೆ ಇರಬೇಕೆಂಬುದು ಅವರ ಶಾಸ್ತ್ರ. ಅಮೆರಿಕನ್ನರು ಅರ್ಥವಾಗದೆ ನಕ್ಕು ತಲೆಯಾಡಿಸುತ್ತಿದ್ದರು. ನನಗೆ ಭಾಷೆ ಬಾರದಿದ್ದರೂ ಅಜ್ಜಿಯರ ಪ್ರತಿ ಮಾತೂ ತಿಳಿಯಿತು. ನಮ್ಮ ಕಡೆ ಕುಂಚಿಗಿ ಇಲ್ಲದೆ ಕೂಸನ್ನು ಹೊರಗೆ ತಂದ ಸೊಸೆಗೆ ಇದೇ ಮಂಗಳಾರತಿ ಆಗುತ್ತಿತ್ತು.

ಆ ಅಜ್ಜಿಯರಿಂದಾಗಿಯೇ ಒಬ್ಬ ಅಮೆರಿಕನ್ ಬಾಯಿಯ ಪರಿಚಯವಾಯಿತು. ಐಯೋವಾ ಪ್ರಾಂತದ ಸಣ್ಣ ಊರಿನ ಶಾಲಾ ಶಿಕ್ಷಕಿ, ವಯಸ್ಸು ನಲವತ್ತನಾಲ್ಕು. ಗಂಡ ಟ್ರ್ಯಾಕ್ಟರ್ ರಿಪೇರಿಯವನು, ಮಾತು ಕಡಿಮೆ. ಕೂಸಿಗೆ ಹನ್ನೊಂದು ತಿಂಗಳು. ಜಿಯಾಂಗ್‌ಶಿ ಪ್ರಾಂತದ ಒಂದು ಅನಾಥಾಲಯದ್ದು. ಅದನ್ನು ಅವರ ಕೈಗೆ ಕೊಟ್ಟು ಒಂಬತ್ತು ದಿನವಾಗಿತ್ತು. ಅಜ್ಜಿ ಬೈದು ಹೋದ ಮೇಲೆ ಕೂಸು ಅಳತೊಡಗಿತು. ತಾಯಿ ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಹಾಕಿದಳು, ಗಾಡಿಯಲ್ಲಿ ಮಲಗಿಸಿದಳು, ಬಾಟಲಿ ಕೊಟ್ಟಳು, ನಿಲ್ಲಲಿಲ್ಲ. ನಾನು ಕೈಸನ್ನೆಯಿಂದ ಕೇಳಿ ಎತ್ತಿ ಕಂಕುಳಿಗೆ ಹಾಕಿಕೊಂಡೆ, ನಾಲ್ಕು ಹೆಜ್ಜೆ ಅತ್ತಿತ್ತ ನಡೆದೆ. ಅಳು ಇಳಿಯಿತು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ಅನಾಥಾಲಯದ ಆಯಾ ಹಾಗೆ ಎತ್ತುತ್ತಿದ್ದಿರಬೇಕು. ಕಪ್ಪು ಕೂದಲಿನ ಹೆಂಗಸು ಅಂದರೆ ಅದಕ್ಕೆ ಗುರುತಿನವಳು. ಆ ಬಾಯಿ ಮಾತ್ರ ನನ್ನನ್ನು ನೋಡಿದ ರೀತಿ ಮರೆಯಲಾರೆ. ಅಸೂಯೆಯಲ್ಲ, ಅದಕ್ಕಿಂತ ಹೆಚ್ಚಿನ ಸಂಕಟ. "ರಾತ್ರಿ ಅದು ಬಾಗಿಲ ಕಡೆ ನೋಡಿಯೇ ಅಳುತ್ತದೆ" ಎಂದಳು. "ಯಾರಾದರೂ ಬಂದು ಕರೆದೊಯ್ಯುತ್ತಾರೆ ಎಂದು ಕಾಯುತ್ತದೆ."

ಬಿ.ಎ. ಓದಿದ ಇಂಗ್ಲಿಷು ನನಗೆ ಅಂಗಡಿಯ ಪತ್ರ ಬರೆಯಲು ಸಾಕು, ಇಂಥ ಮಾತಿಗೆ ಸಾಲದು. ಮರುದಿನ ಅವರ ಹೊಟೇಲಿನ ಅಡಿಗೆಯವನಿಂದ ನೀರಾದ ಅನ್ನದ ಗಂಜಿ ತರಿಸಿದೆವು. ಅದನ್ನು ಅಲ್ಲಿ 'ಜೋಕ್' ಎನ್ನುತ್ತಾರೆ. ಉಪ್ಪು ಬೆರೆಸಿದ ಗಂಜಿಯನ್ನು ಕೂಸು ಗಟಗಟನೆ ಕುಡಿಯಿತು. ಕಂಕುಳಲ್ಲಿ ಕೂರಿಸುವುದನ್ನು ತಾಯಿಗೆ ಕಲಿಸಿದೆ. ಅವಳ ಸೊಂಟದಲ್ಲಿ ಮೊದಲು ಅದು ಜಾರುತ್ತಿತ್ತು. ಮೂರನೆಯ ಸಂಜೆಗೆ ಕುಳಿತುಕೊಂಡಿತು. ತಂದೆಯ ಹತ್ತಿರ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಆತ ದೂರದಿಂದಲೇ ಕೀಲಿಕೈಯ ಗೊಂಚಲು ಆಡಿಸುತ್ತ ಕೂತಿರುತ್ತಿದ್ದ.

ಈ ಕೂಸಿನವರೆಗೆ ಬರಲು ಅವರು ನಡೆದ ದಾರಿಯನ್ನು ಶಿಕ್ಷಕಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಟ್ಟಿದ್ದಳು. ಮೊದಲು ಸಮಾಜ ಕಾರ್ಯಕರ್ತೆ ಮನೆಗೆ ಬಂದು ಮಲಗುವ ಕೋಣೆಯಿಂದ ಬ್ಯಾಂಕಿನ ಶಿಲ್ಕಿನವರೆಗೆ ನೋಡಿ ವರದಿ ಬರೆಯಬೇಕು. ಬೆರಳಚ್ಚು, ಪೊಲೀಸರ ದಾಖಲೆ, ವೈದ್ಯರ ಪತ್ರ, ಮದುವೆಯ ಪತ್ರ. ಪ್ರತಿ ಕಾಗದಕ್ಕೂ ನೋಟರಿಯ ಮುದ್ರೆ, ಅದರ ಮೇಲೆ ರಾಜ್ಯದ ಮುದ್ರೆ, ಅದರ ಮೇಲೆ ಚೀನೀ ಕಾನ್ಸುಲೇಟಿನ ಮುದ್ರೆ. ಆ ಕಟ್ಟು ಬೀಜಿಂಗಿನ ದತ್ತಕ ಕೇಂದ್ರಕ್ಕೆ ಹೋದ ಮೇಲೆ ವರ್ಷಕ್ಕೂ ಹೆಚ್ಚು ಕಾಯುವುದು. ಒಂದು ದಿನ ಲಕೋಟೆ ಬರುತ್ತದೆ. ಒಳಗೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಫೋಟೋ, ಒಂದು ಪುಟದ ಆರೋಗ್ಯ ವಿವರ. 'ಈ ಮಗು, ಒಪ್ಪಿಗೆಯೇ?' ಒಪ್ಪಿಗೆ ಕಳಿಸಿ ಮತ್ತೆ ಎರಡು ತಿಂಗಳ ಮೇಲೆ ಹೊರಡಲು ಅಪ್ಪಣೆ. ಖರ್ಚು ಎಲ್ಲ ಸೇರಿ ಹದಿನೈದರಿಂದ ಇಪ್ಪತ್ತು ಸಾವಿರ ಡಾಲರು. ಅದರಲ್ಲಿ ಮೂರು ಸಾವಿರ ಡಾಲರನ್ನು ಅನಾಥಾಲಯಕ್ಕೆ ಕಾಣಿಕೆಯಾಗಿ, ಹೊಸ ಗರಿಗರಿ ನೋಟಿನಲ್ಲಿಯೇ ಕೊಡಬೇಕು. ಮಡಿಚಿದ ನೋಟು ನಡೆಯದೆಂದು ಅವನ್ನು ಇಬ್ಬರೂ ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡು ಬಂದಿದ್ದರಂತೆ.

ಒಂಬತ್ತು ಕುಟುಂಬಗಳ ಒಂದು ತಂಡ. ನಾನ್‌ಛಾಂಗ್ ನಗರದ ಸರಕಾರಿ ಕಚೇರಿಯ ಮಹಡಿಯ ಮೇಲೆ ಹೆಸರು ಕೂಗಿ ಒಂದೊಂದೇ ಕೂಸನ್ನು ಕೈಗಿತ್ತರು. ಒಂಬತ್ತೂ ಒಟ್ಟಿಗೆ ಅತ್ತವು, ಒಂಬತ್ತು ತಾಯಂದಿರೂ ಅತ್ತರು, ಆಯಾಗಳು ಗೋಡೆಯ ಕಡೆ ಮುಖ ತಿರುಗಿಸಿದರು. ಮರುದಿನ ನೋಂದಣಿ. 'ಈ ಮಗುವನ್ನು ಎಂದೂ ತೊರೆಯುವುದಿಲ್ಲ, ಹಿಂಸಿಸುವುದಿಲ್ಲ' ಎಂಬ ಮಾತಿಗೆ ಸಹಿ. ನಂತರ ಚೀನೀ ಪಾಸ್‌ಪೋರ್ಟು ಬರುವವರೆಗೆ ಹೊಟೇಲಿನ ಕೋಣೆಯಲ್ಲಿ ಪರಿಚಯವಿಲ್ಲದ ಕೂಸಿನ ಜೊತೆ ಒಂದು ವಾರ. ನಮ್ಮಲ್ಲಿ ಬಾಣಂತನ ಎಂದರೆ ತಾಯಿಗೆ ಹಿಂದೆ ಮುಂದೆ ಹತ್ತು ಕೈ. ಎಣ್ಣೆನೀರು ಹಾಕುವವಳೊಬ್ಬಳು, ಅಂಟಿನುಂಡೆ ಮಾಡುವವಳೊಬ್ಬಳು. ಈ ಹೆಂಗಸರಿಗೆ ಯಾರೂ ಇಲ್ಲ. ಪರದೇಶದಲ್ಲಿ, ಹಾಲಿನ ಪುಡಿಯ ಡಬ್ಬಿಯ ಮೇಲಿನ ಅಕ್ಷರ ಓದಲು ಬಾರದೆ, ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ಹೋಗಿ ಔಷಧ ಕೇಳುತ್ತ ಅವರ ಬಾಣಂತನ ಕಳೆಯಿತು. ಆ ಒಂಬತ್ತು ಮನೆಯವರು ಕೊನೆಯವರೆಗೂ ಬೀಗರಂತೆ ನಡೆದುಕೊಂಡದ್ದು ಇದರಿಂದಲೇ ಇರಬೇಕು.

ದ್ವೀಪದ ವ್ಯಾಪಾರವನ್ನು ಕುರಿತು ಎರಡು ಮಾತು ಹೇಳದಿದ್ದರೆ ನಮ್ಮ ಓದುಗರು ಒಪ್ಪಲಾರರು. ಬೀದಿಯ ಎರಡೂ ಬದಿಗೆ ಸಣ್ಣ ಅಂಗಡಿಗಳು. ಒಡೆಯರು ಹೆಚ್ಚಾಗಿ ಹೆಂಗಸರು, ಇಂಗ್ಲಿಷು ನಿರರ್ಗಳ. ಕೂಸಿನ ಗಾಡಿಯನ್ನು ಬಾಡಿಗೆಯಿಲ್ಲದೆ ಕೊಡುತ್ತಾರೆ, ಹೊರಡುವ ದಿನ ಮರಳಿಸಿದರೆ ಸಾಕು. ಗಾಡಿ ತರಲು ಒಂದು ಸಲ, ಕೊಡಲು ಒಂದು ಸಲ ಗಿರಾಕಿ ಅಂಗಡಿಯ ಹೊಸ್ತಿಲು ದಾಟಲೇಬೇಕಲ್ಲ! ಬಟ್ಟೆ ಒಗೆದು ಕೊಡುವುದೂ ದೊಡ್ಡ ಹೊಟೇಲಿಗಿಂತ ಬಹಳ ಅಗ್ಗ. ಹೀಗೆ ಒಳಗೆ ಬಂದವರು ರೇಶಿಮೆಯ ಅಂಗಿ, ನಡೆದರೆ ಪೀಪೀ ಎನ್ನುವ ಬೂಟು, ಹೆಸರು ಕೆತ್ತಿದ ಕಲ್ಲಿನ ಮೊಹರು ಕೊಳ್ಳದೆ ಹೊರಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯವರು ಒಂದು ಸಂಜೆ ಇದನ್ನೆಲ್ಲ ನೋಡಿ, "ಈ ಬಾಯಿಯನ್ನ ನಮ್ಮ ಗಲ್ಲಾದ ಮ್ಯಾಲ ಕೂಡಿಸಬೇಕು ನೋಡು" ಎಂದರು. ಲಾಭದ ಲೆಕ್ಕ ಸರಿ. ಆದರೆ ಕೂಸಿಗೆ ಜ್ವರ ಬಂದಾಗ ಅದೇ ಬಾಯಿ ಅಂಗಡಿ ಮುಚ್ಚಿ ದವಾಖಾನೆಗೆ ಜೊತೆಯಾಗಿ ಹೋದದ್ದನ್ನೂ ಕಂಡೆ.

ಮೊಹರು ಕೆತ್ತುವವನು ಶಿಕ್ಷಕಿಯನ್ನು ಕೇಳಿದ, ಯಾವ ಹೆಸರು? ಕೂಸಿಗೆ ಅನಾಥಾಲಯ ಇಟ್ಟ ಚೀನೀ ಹೆಸರಿತ್ತು. ಅದರ ಅಡ್ಡಹೆಸರು ಆ ಅನಾಥಾಲಯದ ಎಲ್ಲ ಮಕ್ಕಳಿಗೂ ಒಂದೇ. ಗಂಡ, ಅಮೆರಿಕನ್ ಹೆಸರು ಸಾಕು ಎಂದ. ಅವಳು ಎರಡನ್ನೂ ಕೆತ್ತಿಸಿದಳು, ಎರಡು ಕಲ್ಲಿಗೆ ದುಡ್ಡು ಕೊಟ್ಟಳು.

ಕೊನೆಯ ಎರಡು ದಿನ ಅವರಿಗೆ ಕಾಗದದ ಕೆಲಸ. ದ್ವೀಪದ ಮೇಲಿನ ದವಾಖಾನೆಯಲ್ಲಿ ಕೂಸಿನ ತೂಕ, ಕಿವಿ, ಎದೆ ನೋಡಿ ಬರೆದುಕೊಡುತ್ತಾರೆ. ಬಳಿಕ ಕಾನ್ಸುಲೇಟ್. ಕೂಸುಗಳನ್ನೆತ್ತಿಕೊಂಡ ದಂಪತಿಗಳನ್ನೆಲ್ಲ ಒಂದು ಕೋಣೆಯಲ್ಲಿ ನಿಲ್ಲಿಸಿ, ಬಲಗೈ ಎತ್ತಿಸಿ, ಕೊಟ್ಟ ಮಾಹಿತಿ ಸತ್ಯವೆಂದು ಪ್ರಮಾಣ ಮಾಡಿಸುತ್ತಾರೆ. ಎರಡು ವರ್ಷದ ಓಡಾಟ ಒಂದು ನಿಮಿಷದಲ್ಲಿ ಮುಗಿಯಿತು ಎಂದು ಶಿಕ್ಷಕಿ ಹೇಳಿದಳು. ಕೈಗೆ ಬರುವುದು ಮೊಹರು ಹಾಕಿದ ಲಕೋಟೆ. ಅದನ್ನು ಅಮೆರಿಕದ ವಿಮಾನ ನಿಲ್ದಾಣದ ಅಧಿಕಾರಿಯೇ ಒಡೆಯಬೇಕು. ತಾವು ಒಡೆದರೆ ಕೆಟ್ಟಿತು. 2001ರ ಫೆಬ್ರುವರಿಯಿಂದ ಜಾರಿಗೆ ಬಂದ ಕಾಯಿದೆಯಂತೆ, ಚೀನಾದಲ್ಲಿಯೇ ದತ್ತಕ ಪೂರ್ತಿಯಾದ ಇಂಥ ಕೂಸು ಆ ನೆಲದಲ್ಲಿ ಪ್ರವೇಶ ಪಡೆದ ಕೂಡಲೇ ಅಲ್ಲಿಯ ನಾಗರಿಕ.

ಅದರ ಮುಂಚಿನ ದಿನ ತಂಡದವರೆಲ್ಲ ನಗರದ 'ಆರು ಆಲದ ಮರ'ದ ಬೌದ್ಧ ದೇವಾಲಯಕ್ಕೆ ಹೊರಟಾಗ ನನ್ನನ್ನೂ ಕರೆದರು. ಸು ಶಿ ಎಂಬ ಹೆಸರಾಂತ ಕವಿ ಇಲ್ಲಿಗೆ ಬಂದಾಗ ಅಂಗಳದ ಆರು ಮರಗಳನ್ನು ಕಂಡು ಎರಡಕ್ಷರ ಬರೆದುಕೊಟ್ಟನಂತೆ, ಅದೇ ದೇವಾಲಯದ ಹೆಸರಾಯಿತು. ಒಳಗೆ ಎತ್ತರದ ಗೋಪುರ. ಒಬ್ಬ ಭಿಕ್ಷು ಸಾಲಾಗಿ ಕುಳಿತ ತಾಯಂದಿರ ಮಡಿಲಿನ ಕೂಸುಗಳಿಗೆ ಮಂತ್ರ ಹೇಳಿ ಹರಸಿದ. ಅವರು ಬೇರೆ ಮತದವರು, ಭಾಷೆಯೂ ತಿಳಿಯದು, ಆದರೂ ತಲೆ ಬಾಗಿಸಿ ಕುಳಿತಿದ್ದರು. ಅಂದು ಆ ಬೀದಿಯ ಶಾಕಾಹಾರಿ ಊಟದ ಮನೆಯಲ್ಲಿ, ವಾರದಲ್ಲಿ ಮೊದಲ ಸಲ, ಸಂಶಯವಿಲ್ಲದೆ ಬಿಸಿ ಅನ್ನ ಉಂಡೆ.

ಹೊರಡುವ ಮುನ್ನಾ ಸಂಜೆ ಶಿಕ್ಷಕಿ ನನಗೆ ಒಂದು ಫೋಟೋ ತೋರಿಸಿದಳು. ಒಂದು ಪ್ರಾಥಮಿಕ ಶಾಲೆಯ ಕಬ್ಬಿಣದ ಗೇಟು, ಅದರ ಮುಂದೆ ನೀಲಿ ಅಂಗಿ ತೊಟ್ಟ ಕಾವಲುಗಾರ. ಕೂಸು ಸಿಕ್ಕಿದ್ದು ಆ ಗೇಟಿನ ಬಳಿ, ಎತ್ತಿದವನು ಆತ. ತಂಡದ ಉಳಿದವರಾರೂ ಇಂಥ ಜಾಗ ನೋಡಲು ಹೋಗಿರಲಿಲ್ಲ. ಇವಳು ಹಠ ಹಿಡಿದು ದುಭಾಷಿಯನ್ನು ಕರೆದುಕೊಂಡು, ಬಾಡಿಗೆ ಕಾರಿನಲ್ಲಿ ನಾಲ್ಕು ಗಂಟೆ ಹೋಗಿ, ಆತನನ್ನು ಹುಡುಕಿ ನಿಲ್ಲಿಸಿ ಫೋಟೋ ತೆಗೆದಿದ್ದಳು. ಅನಾಥಾಲಯದವರು ಪತ್ರಿಕೆಯಲ್ಲಿ ಕೊಟ್ಟಿದ್ದ 'ಹೆತ್ತವರು ಬಂದು ಕರೆದೊಯ್ಯಬೇಕು' ಎಂಬ ಪ್ರಕಟಣೆಯ ಪ್ರತಿಯನ್ನೂ ಸಂಪಾದಿಸಿದ್ದಳು. "ಇವಳ ಮೊದಲ ತಾಯಿಯ ಬಗ್ಗೆ ನನ್ನ ಹತ್ತಿರ ಇರುವುದು ಇಷ್ಟೇ. ಇದನ್ನೂ ಬಿಟ್ಟರೆ ಇವಳಿಗೆ ಏನು ಕೊಡಲಿ?" ಎಂದಳು. ಆಮೇಲೆ ಕೇಳಿದಳು, "ನಿಮ್ಮಲ್ಲಿ ಹೇಗೆ?"

ನಮ್ಮಲ್ಲಿ ಹೇಗೆ? ಅದೇ ವರ್ಷ ನಮ್ಮ ಮನೆಯಲ್ಲಿ ದತ್ತಕದ ಮಾತು ನಡೆದಿತ್ತು. ನನ್ನ ನೆಗೆಣ್ಣಿಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿರಲಿಲ್ಲ. ಹಿರಿಯ ಭಾವನವರ ಎರಡನೆಯ ಮಗನನ್ನು ದತ್ತಕ ಕೊಡುವುದೆಂದು ದೊಡ್ಡವರ ಯೋಚನೆ. ಹಣ, ಅಂಗಡಿ, ಗಾದಿ ಮನೆಯಲ್ಲಿಯೇ ಉಳಿಯುತ್ತವೆ. ಇದು ನಮ್ಮ ಸಮಾಜದ ಹಳೆಯ ರೂಢಿ. ಜೈನರಲ್ಲಿ ದತ್ತಕ ಲೌಕಿಕ ವ್ಯವಹಾರ, ಪಿಂಡ-ಶ್ರಾದ್ಧದ ಸಂಬಂಧ ಅದಕ್ಕಿಲ್ಲ. ಮಗನಿಲ್ಲದ ವಿಧವೆ ಗಂಡನ ಅಪ್ಪಣೆ ಇಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದೆಂಬ ನಮ್ಮ ಪದ್ಧತಿಯನ್ನು 1878ರಲ್ಲಿ ಪ್ರಿವಿ ಕೌನ್ಸಿಲ್ ಕೂಡ ಎತ್ತಿಹಿಡಿದಿದೆ. ಹೆಣ್ಣುಮಗುವನ್ನೂ ದತ್ತು ಪಡೆಯಲು 1956ರ ಕಾಯಿದೆ ದಾರಿ ಮಾಡಿತು, ಅದು ಜೈನರಿಗೂ ಅನ್ವಯ. ಆದರೆ ಕಾಯಿದೆ ಬಂದಷ್ಟು ಬೇಗ ಮನಸ್ಸು ಬರುತ್ತದೆಯೇ?

ನೆಗೆಣ್ಣಿಗೆ ಬೇಕಾಗಿದ್ದುದು ಅನಾಥಾಲಯದ ಹೆಣ್ಣುಕೂಸು. ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ತೊರೆದ ಕೂಸುಗಳಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆಶ್ರಮ ತೆರೆದಿದ್ದರು. ಇಂಥ ಸಂಸ್ಥೆಗಳು ನಮಗೆ ಹೊಸವಲ್ಲ, ಅಲ್ಲಿಂದ ಮನೆಗೆ ಕೂಸು ತರುವುದು ಹೊಸದು. ಚೀನಾದಿಂದ ಬಂದ ಮೇಲೆ ನಾನು ಆ ಶಿಕ್ಷಕಿಯ ಫೋಟೋದ ವಿಷಯ ಹೇಳಿದೆ. ಅತ್ತೆಯವರು ಬಹಳ ದಿನ ಸುಮ್ಮನಿದ್ದರು. ಒಂದು ದಿನ ಒಪ್ಪಿಗೆ ಕೊಟ್ಟರು, ಆದರೆ ಒಂದು ಷರತ್ತಿನ ಮೇಲೆ. "ಊರಿಗೆಲ್ಲಾ ಡಂಗುರ ಹೊಡಿಯೂದು ಯಾಕ? ಆರು ತಿಂಗಳು ತವರುಮನಿಗೆ ಹೋಗಿ ಇರಲಿ. ಹಡದ ಬಂದಳು ಅಂದರಾತು." ಹೀಗೆ ಮಾಡಿದ ಮನೆಗಳು ನಮ್ಮ ನಡುವೆ ಎಷ್ಟಿವೆ ಎಂಬುದು ಓದುಗರಿಗೇ ಗೊತ್ತು. ನೆಗೆಣ್ಣಿ ಎಂದೂ ಎದುರು ಮಾತಾಡಿದವಳಲ್ಲ. ಅಂದು ಅಂದಳು: "ಅತ್ತಿ, ನಾಳೆ ಅಕೀಗೆ ಯಾರರ ಹೊರಗಿನವರು ಹೇಳೇ ಹೇಳ್ತಾರ. ಅವರು ಹೇಳೂಕಿಂತ ಮೊದಲ ನಾನ ಹೇಳ್ತೀನಿ."

2004ರಲ್ಲಿ ನ್ಯಾಯಾಲಯದ ಅಪ್ಪಣೆ ಪಡೆದು ಕೂಸು ಮನೆಗೆ ಬಂತು. ತೊಟ್ಟಿಲು ಹಾಕುವ ದಿನ ಕರೆದವರಲ್ಲಿ ಅರ್ಧ ಜನ ಬರಲಿಲ್ಲ. ಅತ್ತೆಯವರು ಬಾರದವರ ಮನೆಗಳಿಗೆಲ್ಲ ತಾವೇ ಪೇಢೆ ಒಯ್ದು ಕೊಟ್ಟು ಬಂದರು, "ಮೊಮ್ಮಗಳು ಬಂದಾಳ" ಎಂದಷ್ಟೇ ಹೇಳಿ. ಕೂಸಿನ ಫೈಲು ದೇವರ ಕೋಣೆಯ ಕಪಾಟಿನಲ್ಲಿ, ಬೆಳ್ಳಿಯ ಸಾಮಾನಿನ ಜೊತೆಗಿದೆ. ಕೀಲಿ ಹಾಕಿಲ್ಲ.

ವಿದೇಶೀ ದತ್ತಕದಲ್ಲಿ ಎಲ್ಲವೂ ಪುಣ್ಯದ ಕೆಲಸವೇ ಎಂದು ಬರೆದರೆ ಸುಳ್ಳಾಗುತ್ತದೆ. ಡಾಲರು ಓಡಾಡುವಲ್ಲಿ ದಲ್ಲಾಳಿ ಹುಟ್ಟುತ್ತಾನೆ. ಹುನಾನ್ ಪ್ರಾಂತದಲ್ಲಿ ಅನಾಥಾಲಯಗಳಿಗೆ ಹಣಕ್ಕೆ ಕೂಸು ಮಾರುತ್ತಿದ್ದ ಜಾಲ 2005ರಲ್ಲಿ ಬಯಲಾಗಿ, ಮರುವರ್ಷ ನ್ಯಾಯಾಲಯ ಹಲವರಿಗೆ ಸೆರೆವಾಸ ವಿಧಿಸಿತು. ನಮ್ಮ ಪಕ್ಕದ ತೆಲಂಗಾಣದಲ್ಲಿ, ಆಗಿನ ಆಂಧ್ರ ಪ್ರದೇಶದಲ್ಲಿ, 1999 ಮತ್ತು 2001ರಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಕೊಂಡು ವಿದೇಶಕ್ಕೆ ಸಾಗಿಸಲು ಹವಣಿಸಿದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಸುಪ್ರೀಂ ಕೋರ್ಟು ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ 1984ರಲ್ಲಿಯೇ ವಿದೇಶೀ ದತ್ತಕಕ್ಕೆ ಕಟ್ಟುನಿಟ್ಟು ನಿಯಮ ಹಾಕಿತ್ತು. ಮೊದಲು ದೇಶದೊಳಗಿನ ಮನೆ ಹುಡುಕಬೇಕು, ಆಮೇಲೆ ಹೊರದೇಶ ಎಂಬ ತತ್ವ ಅಲ್ಲಿಂದ ಬಂದದ್ದು. ಅದಕ್ಕಾಗಿ 1990ರಲ್ಲಿ 'ಕಾರಾ' ಎಂಬ ಕೇಂದ್ರ ಸಂಸ್ಥೆ ಆಯಿತು. ಈಗ ಅನಾಥಾಲಯದ ಮಗುವನ್ನು ದತ್ತು ಬಯಸುವವರು ಕಾರಾದಲ್ಲಿ ಹೆಸರು ನೋಂದಾಯಿಸಿ ಸರದಿಯಲ್ಲಿ ಕಾಯಬೇಕು; 2022ರಿಂದ ಅಂತಿಮ ಆದೇಶ ಕೊಡುವವರು ಜಿಲ್ಲಾಧಿಕಾರಿಗಳು. ಯಾರಾದರೂ 'ನೇರವಾಗಿ ಕೊಡಿಸುತ್ತೇನೆ' ಎಂದು ಬಂದರೆ ಅಂಥವರನ್ನು ಹೊಸ್ತಿಲಲ್ಲಿಯೇ ತಡೆಯುವುದು ಒಳ್ಳೆಯದು.

ಮಗನ ಜೊತೆ 2017ರಲ್ಲಿ ಮತ್ತೆ ಗ್ವಾಂಗ್‌ಝೌಕ್ಕೆ ಹೋಗಿದ್ದೆ. ಮೇಳ ನದಿಯಾಚೆಯ ಹೊಸ ಕಟ್ಟಡಕ್ಕೆ ಹೋಗಿತ್ತು, ಕಾನ್ಸುಲೇಟ್ 2013ರಲ್ಲಿಯೇ ದ್ವೀಪ ಬಿಟ್ಟಿತ್ತು. ಆಲದ ಮರಗಳ ಕೆಳಗೆ ಮದುವೆಯ ಉಡುಪು ತೊಟ್ಟ ಚೀನೀ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಗಾಡಿ ಕೊಡುತ್ತಿದ್ದ ಅಂಗಡಿಯ ಜಾಗದಲ್ಲಿ ಕಾಫಿಯ ಅಂಗಡಿ. ಅಮೆರಿಕಕ್ಕೆ ಹೋಗುವ ಕೂಸುಗಳ ಸಂಖ್ಯೆ 2005ರಲ್ಲಿ ಸುಮಾರು 7,900ಕ್ಕೆ ಏರಿ, 2007ರಲ್ಲಿ ಚೀನಾ ನಿಯಮ ಬಿಗಿ ಮಾಡಿದ ಮೇಲೆ ವರ್ಷದಿಂದ ವರ್ಷಕ್ಕೆ ಇಳಿದಿತ್ತು. ಒಂದೇ ಮಗುವಿನ ಕಟ್ಟಳೆ 2016ರಲ್ಲಿ ಹೋಯಿತು. 2020ರಲ್ಲಿ ಕೊರೋನಾ ಬಂದು ಬಾಗಿಲು ಮುಚ್ಚಿತು. 2024ರ ಸೆಪ್ಟೆಂಬರಿನಲ್ಲಿ, ಹತ್ತಿರದ ರಕ್ತಸಂಬಂಧದ ಅಥವಾ ಮಲಮಕ್ಕಳ ಹೊರತು ಯಾವ ಮಗುವನ್ನೂ ಇನ್ನು ಹೊರದೇಶಕ್ಕೆ ದತ್ತು ಕೊಡುವುದಿಲ್ಲವೆಂದು ಚೀನಾ ಸಾರಿತು. ಅಷ್ಟರಲ್ಲಿ ಫೋಟೋ ಬಂದು, ಒಪ್ಪಿಗೆ ಕಳಿಸಿ, ನಾಲ್ಕೂವರೆ ವರ್ಷದಿಂದ ಪ್ರಯಾಣಕ್ಕೆ ಕಾದಿದ್ದ ನೂರಾರು ಮನೆಗಳಿದ್ದವು. ಆ ಫೋಟೋದೊಳಗಿನ ಮಕ್ಕಳಿಗೂ ಅಷ್ಟೇ ವಯಸ್ಸು ಹೆಚ್ಚಾಗಿತ್ತು.

ಆ ಸುದ್ದಿ ಬಂದ ತಿಂಗಳಲ್ಲಿಯೇ ಐಯೋವಾದ ಶಿಕ್ಷಕಿಯ ಪತ್ರ ಬಂತು. ನಮ್ಮ ನಡುವೆ ಹೊಸ ವರ್ಷದ ಕಾರ್ಡು ತಪ್ಪಿದ್ದಿಲ್ಲ, ಉದ್ದನೆಯ ಪತ್ರ ಇದೇ ಮೊದಲು. ಮಗಳನ್ನು ಕರೆದುಕೊಂಡು 2019ರಲ್ಲಿ ಜಿಯಾಂಗ್‌ಶಿಗೆ ಹೋಗಿದ್ದರಂತೆ. ಶಾಲೆ ಬೇರೆ ಕಡೆಗೆ ಹೋಗಿದೆ, ಗೇಟಿದ್ದ ಜಾಗದಲ್ಲಿ ಅಗಲವಾದ ರಸ್ತೆ. ಹುಡುಗಿ ಹಳೆಯ ಫೋಟೋ ಹಿಡಿದು ಅಂಗಡಿಯಿಂದ ಅಂಗಡಿಗೆ ಕೇಳುತ್ತ ಹೋದಳು. ತರಕಾರಿ ಮಾರುವ ಒಬ್ಬ ಮುದುಕಿ ಕಾವಲುಗಾರನನ್ನು ಗುರುತಿಸಿದಳು. ಆತ ತೀರಿಕೊಂಡಿದ್ದ. ಮುದುಕಿ ಆತನ ಮಗಳನ್ನು ಕರೆಸಿದಳು. ಅವಳಿಗೆ ಆ ಬೆಳಿಗ್ಗೆ ನೆನಪಿತ್ತು. ಅಪ್ಪ ಕೂಸನ್ನು ಠಾಣೆಗೆ ಒಯ್ಯುವ ಮೊದಲು ಮನೆಗೆ ತಂದಿದ್ದ, ಬಹಳ ಚಳಿಯಿತ್ತು, ಕೂಸಿನ ಮೈಮೇಲೆ ಹೊಸ ಹತ್ತಿಯ ಅಂಗಿ ಇತ್ತು. ಆಗ ಹದಿಮೂರು ವರ್ಷದವಳಾಗಿದ್ದ ತಾನೇ ಚಮಚದಲ್ಲಿ ಬೆಚ್ಚನೆಯ ಸಕ್ಕರೆನೀರು ಕುಡಿಸಿದ್ದೆ ಎಂದಳಂತೆ.